ಬೆಂಗಳೂರಿನ ಮಳೆಗೆ ಫೆಬ್ರವರಿಯಲ್ಲೇ ತಯಾರಾಗುವುದು ಹೇಗೆ

ಮನೆಯೊಳಗೆ ನೀರು ನುಗ್ಗಿದ ಮೇಲೆ ಮಾಡಲು ಆಗುವ ಕೆಲಸ ತುಂಬಾ ಕಡಿಮೆ. ಫ್ರಿಜ್ ಎತ್ತಿಡಬಹುದು, ವಾರ್ಡ್ ಎಂಜಿನಿಯರ್‌ಗೆ ಫೋನ್ ಮಾಡಬಹುದು, ಅವರು ಎತ್ತದಿದ್ದರೆ ಸರ್ಕಾರವನ್ನು ಬೈಯಬಹುದು. ಅಷ್ಟೇ. ಬೆಂಗಳೂರಿನ ಮಳೆಗೆ ಬೇಕಾದ ಕೆಲಸವೆಲ್ಲ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಜನವರಿ, ಫೆಬ್ರವರಿಯಲ್ಲಿ ಮುಗಿಯಬೇಕು. ಅದರಲ್ಲಿ ಅರ್ಧ ಮನೆಯದು, ಇನ್ನರ್ಧ ವಾರ್ಡ್ ರಾಜಕೀಯದ್ದು. ಮನೆಯದನ್ನು ಜನ ಹೇಗೋ ಮಾಡಿಕೊಳ್ಳುತ್ತಾರೆ. ರಾಜಕೀಯದ್ದು ನಮಗ್ಯಾಕೆ ಅಂತ ಬಿಟ್ಟುಬಿಡುತ್ತಾರೆ. ಇಲ್ಲಿ ಎರಡನ್ನೂ ಬರೆಯುತ್ತೇನೆ.

ಮಳೆಗಾಲ ಜೂನ್‌ನಲ್ಲಿ ಶುರು ಅಂತ ಕಾಯಬೇಡಿ. ಏಪ್ರಿಲ್ ಕೊನೆಗೇ ಸಂಜೆ ಗುಡುಗು, ಗಾಳಿ, ಆಲಿಕಲ್ಲು ಎಲ್ಲ ಬರುತ್ತದೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳುತ್ತಾರಲ್ವಾ, ಹೊಲ ಇರುವವರಿಗೆ ಅದು ಸರಿ, ನಮ್ಮ ರಸ್ತೆಯಲ್ಲಿ ಭರಣಿಗೆ ಬೆಳೆಯುವುದು ಟ್ರಾಫಿಕ್ ಒಂದೇ. ಸರಾಸರಿ ನೋಡಿದರೆ ಇಲ್ಲಿ ಸೆಪ್ಟೆಂಬರ್‌ನಲ್ಲೇ ಮಳೆ ಜಾಸ್ತಿ, ಅಕ್ಟೋಬರ್ ಕೂಡ ಕಡಿಮೆ ಏನಲ್ಲ. ಆದರೆ ಊರು ಮುಳುಗಿಸುವ ಮಳೆಗೆ ತಿಂಗಳ ಹಂಗಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ 131 ಮಿಲಿಮೀಟರ್ ಸುರಿದು, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಬಿದ್ದು, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆ ಮುರಿಯಿತು. 2025ರಲ್ಲಿ ಊರು ಮುಳುಗಿದ್ದು ಮೇ ತಿಂಗಳಲ್ಲೇ.

ನೂರು ಮಿಲಿಮೀಟರ್ ಅಂದರೆ ಎಷ್ಟು ನೀರು? ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಸೈಟಿನ ಮೇಲೆ ನೂರು ಮಿಲಿಮೀಟರ್ ಬಿದ್ದರೆ ಸುಮಾರು 11 ಸಾವಿರ ಲೀಟರ್, ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಎರಡು ಟ್ಯಾಂಕರ್. ಇದು ನಿಮ್ಮ ಒಂದು ಮನೆಯದು. ಬೀದಿಯಲ್ಲಿರುವ ಮನೆಗಳನ್ನೆಲ್ಲ ಎಣಿಸಿ, ಆಮೇಲೆ ಎರಡು ಅಡಿಯ ಮೋರಿ ನೋಡಿ.

ಅದಕ್ಕೇ ಮೊದಲು ತಾರಸಿ ಹತ್ತಿ. ತಾರಸಿ ಪೈಪಿನ ಬಾಯಿಯಲ್ಲಿ ಎಲೆ, ಪಾರಿವಾಳದ ಗೂಡು, ಪ್ಲಾಸ್ಟಿಕ್ ಚೀಲ ಏನಿದೆಯೋ ತೆಗೆಯಿರಿ. ಬಕೆಟ್ ನೀರು ಹಾಕಿ, ಅದು ಕೆಳಗೆ ಎಲ್ಲಿ ಬಂದು ಬೀಳುತ್ತದೆ ಅಂತ ನೋಡಿ. ಎಷ್ಟೋ ಮನೆಗಳಲ್ಲಿ ಆ ಪೈಪನ್ನು ಸೀದಾ ಒಳಚರಂಡಿಯ ಯುಜಿಡಿ ಚೇಂಬರ್‌ಗೆ ಕೊಟ್ಟಿರುತ್ತಾರೆ. ಹಾಗೆ ಮಾಡಬಾರದು. ಒಳಚರಂಡಿ ಪೈಪು ಇರುವುದು ಬಚ್ಚಲು, ಕಕ್ಕಸಿನ ನೀರಿಗೆ. ಅದಕ್ಕೆ ಮಳೆ ನೀರು ತುಂಬಿಸಿದರೆ ತಗ್ಗಿನಲ್ಲಿರುವ ಮನೆಯ ಕಮೋಡಿನಿಂದ ಎಲ್ಲ ವಾಪಸ್ ಬರುತ್ತದೆ. ನಿಮ್ಮ ಮನೆ ಎತ್ತರದಲ್ಲಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ, ಕೆಳಗಿನ ಬೀದಿಯವರು ಅನುಭವಿಸುತ್ತಾರೆ. ಆ ಪೈಪನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಿ. ಹೊಸ ಮನೆಯಾದರೆ 30x40ಕ್ಕೇ ಮಳೆನೀರು ಕೊಯ್ಲು ಕಡ್ಡಾಯ, ಹಳೆಯದಾದರೆ 40x60ರಿಂದ. ತಗ್ಗಿನ ಮನೆಯವರು ಪ್ಲಂಬರ್‌ಗೆ ಹೇಳಿ ಹೊರಗಿನ ಚೇಂಬರ್ ಹತ್ತಿರ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಜೋರು ಮಳೆ ಬಂದಾಗ ಬಚ್ಚಲಿನ ಜಾಲರಿ ಮೇಲೆ, ಕಮೋಡಿನ ಮೇಲೆ ಮರಳು ತುಂಬಿದ ಚೀಲ ಇಡಿ. ಪೂರ್ತಿ ನಿಲ್ಲುವುದಿಲ್ಲ, ಆದರೂ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಕರೆಂಟು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಮನೆಗೆ ನುಗ್ಗಿದ ನೀರಿನಲ್ಲಿ ನೀರಿನ ಜೊತೆ ಕರೆಂಟೂ ಪ್ರಾಣ ತೆಗೆಯುತ್ತದೆ. 2025ರ ಮೇ 19ರಂದು ಬಿಟಿಎಂ ಲೇಔಟ್ ಕಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟಿನ ನೀರನ್ನು ಮೋಟಾರ್ ಹಾಕಿ ಹೊರಗೆ ಹಾಕಲು ಹೋದಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು, ಅವರಲ್ಲಿ ಒಬ್ಬ ಚಿಕ್ಕ ಹುಡುಗ. ನೀರು ಬಂದಾಗ ಮೇನ್ ಸ್ವಿಚ್ ಆಫ್ ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಮರೆಯುವುದು ಯುಪಿಎಸ್ ಅನ್ನು. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ತಾನೇ ಆನ್ ಆಗುತ್ತದೆ, ಅದಕ್ಕೆ ಸೇರಿಸಿದ ಪ್ಲಗ್‌ಗಳಲ್ಲೆಲ್ಲ ಕರೆಂಟ್ ಹಾಗೇ ಇರುತ್ತದೆ. ಅದನ್ನು ಬೇರೆಯಾಗಿಯೇ ಆಫ್ ಮಾಡಬೇಕು. ಅದರ ಬ್ಯಾಟರಿ ನೆಲದ ಮೇಲಿದ್ದರೆ ಈಗಲೇ ಎತ್ತರದ ಸ್ಟ್ಯಾಂಡಿಗೆ ಏರಿಸಿ. ಲೋಡ್ ಜಾಸ್ತಿಯಾದಾಗ ಬೀಳುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಸಾಕು ಅನ್ನಬೇಡಿ. ಎಂಸಿಬಿ ಇರುವುದು ವೈರಿಂಗ್ ಉಳಿಸಲು. ಮನುಷ್ಯರನ್ನು ಉಳಿಸಲು ಕರೆಂಟ್ ಸೋರಿದ ತಕ್ಷಣ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು, ಅದರ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸಿ. ಬಾಡಿಗೆ ಮನೆಯವರು ಓನರ್ ಹತ್ತಿರ ಕೇಳಿ, ಒಪ್ಪದಿದ್ದರೆ ನೀವೇ ಹಾಕಿಸಿಕೊಳ್ಳಿ, ಎಲೆಕ್ಟ್ರಿಷಿಯನ್‌ಗೆ ಅದು ದೊಡ್ಡ ಕೆಲಸವಲ್ಲ.

ಮೇನ್ ಬೋರ್ಡ್ ಇರುವ ಜಾಗದಲ್ಲೇ ಆಗಲೇ ನೀರು ನಿಂತಿದ್ದರೆ? ಆ ನೀರಿನಲ್ಲಿ ಕಾಲಿಡಬೇಡಿ. ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಸಿಗದಿದ್ದರೆ 112. ನಿಮ್ಮ ಏರಿಯಾದ ಲೈನ್‌ಮನ್ ನಂಬರ್ ಬೇಸಿಗೆಯಲ್ಲೇ ಬರೆದಿಟ್ಟುಕೊಳ್ಳಿ. ಮಳೆ ರಾತ್ರಿ ಇಡೀ ಊರೇ 1912 ಒತ್ತುತ್ತಿರುತ್ತದೆ.

ಮಳೆ ಬರುತ್ತದೋ ಇಲ್ಲವೋ ನೋಡುವುದಕ್ಕೆ ಟಿವಿ ನಂಬಬೇಡಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಡೀ ಜಿಲ್ಲೆಗೆ ಒಂದೇ. ಯಲಹಂಕದಲ್ಲಿ ರಸ್ತೆ ಹೊಳೆಯಾಗಿರುವಾಗ ಕೆಂಗೇರಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ನಿಮ್ಮ ಏರಿಯಾದ ಮಳೆ ಬೇಕು ಅಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬೆಂಗಳೂರು ಮೇಘ ಸಂದೇಶ ಆ್ಯಪ್ ನೋಡಿ. ಅವರ ಮಳೆಮಾಪಕಗಳು ಊರಿನ ತುಂಬಾ ಇವೆ. ಸಿಡಿಲಿಗೆ ದಾಮಿನಿ ಆ್ಯಪ್. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ತಾರಸಿಯಿಂದ ಇಳಿಯಿರಿ, ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆಯಾಗುವವರೆಗೂ ಬಟ್ಟೆ ತೆಗೆಯಲು ಹೋಗಬೇಡಿ. ಬಟ್ಟೆ ನೆನೆಯಲಿ ಬಿಡಿ.

ಏಪ್ರಿಲ್, ಮೇ ತಿಂಗಳ ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ, ಆಫೀಸು ಬಿಡುವ ಹೊತ್ತಿಗೆ. ಆಕಾಶ ಕಪ್ಪಾದರೆ ನಾಲ್ಕಕ್ಕೇ ಹೊರಡಿ, ಇಲ್ಲವಾದರೆ ಅಲ್ಲೇ ಕ್ಯಾಂಟೀನ್‌ನಲ್ಲಿ ಕೂತು ಒಂಬತ್ತಕ್ಕೆ ಹೊರಡಿ. ನಡುವೆ ಹೊರಡುವುದು ಸುಮ್ನೆ ಪೆಟ್ರೋಲ್ ಸುಡುವ ಕೆಲಸ. ಮೆಟ್ರೋ ಇದ್ದರೆ ಗಾಡಿ ಅಲ್ಲೇ ಬಿಟ್ಟು ಮೆಟ್ರೋ ಹತ್ತಿ. ಗಾಳಿ ಜೋರಾಗಿದ್ದಾಗ ಗುಲ್‌ಮೊಹರ್, ಮಳೆಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ಬೈಕಿನವರು ಫ್ಲೈಓವರ್ ಕೆಳಗೆ ನಿಲ್ಲುವುದು ಅರ್ಥವಾಗುತ್ತದೆ, ಆದರೆ ಅರ್ಧ ರಸ್ತೆ ಹಿಡಿದು ನಿಂತು ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡರೂ ಅಲ್ಲಾಡದಿರುವುದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಂಡರ್‌ಪಾಸ್ ವಿಷಯದಲ್ಲಿ ಒಂದೇ ನಿಯಮ. ನೀರು ನಿಂತಿದ್ದರೆ ಇಳಿಯಬೇಡಿ. ಮುಂದಿನ ಆಟೋ ದಾಟಿತು, ಬಸ್ಸು ದಾಟಿತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು, ವಿಧಾನಸೌಧದಿಂದ ಕೂಗಳತೆ ದೂರದಲ್ಲಿ. ಹರಿಯುವ ನೀರು ಒಂದು ಅಡಿ ಇದ್ದರೂ ಚಿಕ್ಕ ಕಾರನ್ನು ತಳ್ಳಬಹುದು. ಸಿಕ್ಕಿಕೊಂಡರೆ ತಡ ಮಾಡದೆ ಸೀಟ್ ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ, ಅಲ್ಲಿಂದಲೇ ಹೊರಗೆ ಬನ್ನಿ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ನೀರಿನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಎಳೆದುಕೊಂಡ ಎಂಜಿನ್ ಅಲ್ಲಿಗೇ ಮುಗಿಯುತ್ತದೆ, ಇನ್ಶೂರೆನ್ಸ್‌ನಲ್ಲಿ ಎಂಜಿನ್‌ಗೆ ಬೇರೆ ಕವರ್ ತಗೊಂಡಿರದಿದ್ದರೆ ಆ ಖರ್ಚು ಪೂರ್ತಿ ನಿಮ್ಮ ತಲೆಗೆ. ಇನ್ನೊಂದು, ರಸ್ತೆಯಲ್ಲಿ ನಿಂತ ನೀರು ಇಳಿಯಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ಎತ್ತುವ ಪುಣ್ಯಾತ್ಮರು ಪ್ರತಿ ಬೀದಿಯಲ್ಲೂ ಇರುತ್ತಾರೆ. ತಡೆಯಿರಿ. ಹಿಂದೆ ಬರುವ ಬೈಕಿನವರಿಗೆ ಆ ಗುಂಡಿ ಕಾಣುವುದಿಲ್ಲ.

ನೀರು ಒಳಗೆ ಬಂದೇಬಿಟ್ಟಿತು ಅಂದುಕೊಳ್ಳಿ. ಒರೆಸುವ ಮೊದಲು ಫೋಟೋ, ವಿಡಿಯೋ ತೆಗೆಯಿರಿ. ಗೋಡೆ ಮೇಲಿನ ನೀರಿನ ಗುರುತು, ಫ್ರಿಜ್, ವಾಷಿಂಗ್ ಮಷಿನ್ ಎಲ್ಲ ಬರಲಿ. ಪರಿಹಾರದ ಪಟ್ಟಿ ಮಾಡಲು ಬರುವವರಿಗೂ ಇನ್ಶೂರೆನ್ಸ್‌ನವರಿಗೂ ಬೇಕಾಗುವುದು ಅದೇ. ಭಾರತ್ ಗೃಹ ರಕ್ಷಾ ಅಂತ ಎಲ್ಲ ಕಂಪನಿಗಳೂ ಮಾರುವ ಪಾಲಿಸಿ 2021ರಿಂದ ಇದೆ, ಪ್ರವಾಹವೂ ಅದರಲ್ಲಿ ಸೇರಿದೆ. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಿಕೊಳ್ಳಬಹುದು. ಸಂಪಿಗೆ ಹೊರಗಿನ ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಅದಾಗುವ ತನಕ ಆ ನೀರು ಬಾಯಿಗೆ ಬೇಡ.

ಈಗ ರಾಜಕೀಯ.

ಆಗಿನ ನಗರ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. 2022ರ ಪ್ರವಾಹದಲ್ಲಿ ಒಂದು ಪಕ್ಷದ ಸರ್ಕಾರ, 2024, 2025ರಲ್ಲಿ ಇನ್ನೊಂದು ಪಕ್ಷದ್ದು. ಎರಡೂ ಸಲ ಮನೆ ಬಾಗಿಲಿಗೆ ಕರೆಯಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ನೀವು ಈಗ ಯಾವ ಪಾಲಿಕೆ, ಯಾವ ವಾರ್ಡು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಹಳೆಯ ವಾರ್ಡ್ ನಂಬರ್ ಹಾಕಿ ಬರೆದ ಅರ್ಜಿಯನ್ನು ವಾಪಸ್ ಕಳಿಸುವುದಕ್ಕಿಂತ ಸುಲಭದ ಕೆಲಸ ಯಾವ ಕಚೇರಿಯಲ್ಲೂ ಇಲ್ಲ.

ಆಮೇಲೆ ಯಾರ ಕೆಲಸ ಯಾವುದು ಅಂತ ಗೊತ್ತಿರಬೇಕು. ರಸ್ತೆ ಬದಿಯ ಮೋರಿ ವಾರ್ಡ್ ಎಂಜಿನಿಯರ್‌ದು. ಮೋರಿಗಳ ನೀರೆಲ್ಲ ಸೇರುವ ದೊಡ್ಡ ರಾಜಕಾಲುವೆಗೆ ಬೇರೆ ಎಂಜಿನಿಯರ್‌ಗಳಿರುತ್ತಾರೆ. ಕಪ್ಪಗೆ ನಾರುವ ನೀರು ಉಕ್ಕುತ್ತಿದ್ದರೆ ಅದು ಜಲಮಂಡಳಿ, 1916. ಕೆಮ್ಮಣ್ಣಿನ ಮಳೆ ನೀರಾದರೆ ಪಾಲಿಕೆ, 1533. ಮರ ಬಿದ್ದರೆ ಪಾಲಿಕೆಯ ಅರಣ್ಯ ವಿಭಾಗ, ಅದೇ ಮರ ತಂತಿ ಮೇಲೆ ಬಿದ್ದರೆ ಮೊದಲು ಬೆಸ್ಕಾಂ. ನೀವು ತಪ್ಪಾದ ಬಾಗಿಲು ತಟ್ಟಿದರೆ ಅವರು ಪಕ್ಕದ ಬಾಗಿಲು ತೋರಿಸುತ್ತಾರೆ, ಅವರು ಇನ್ನೊಂದನ್ನು, ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ದೂರು ಕೊಡುವಾಗ ಬರೀ ಮಾತಲ್ಲಿ ಹೇಳಿ ಬರಬೇಡಿ. ದೂರಿನ ನಂಬರ್ ತಗೊಳ್ಳಿ, ಅರ್ಜಿಯ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನಮ್ಮ ಏರಿಯಾದಲ್ಲಿ ನೀರು ನಿಲ್ಲುತ್ತದೆ ಅಂತ ಬರೆದರೆ ಏನೂ ಆಗುವುದಿಲ್ಲ. ಇಂಥ ಕ್ರಾಸಿನಿಂದ ಇಂಥ ದೇವಸ್ಥಾನದವರೆಗಿನ ಮೋರಿಯಲ್ಲಿ ಹೂಳು ತುಂಬಿದೆ, ಎರಡು ಕಡೆ ಸ್ಲ್ಯಾಬ್ ಇಲ್ಲ, ಫೋಟೋ ಇದೆ ಅಂತ ಬರೆಯಿರಿ. ಇದೆಲ್ಲ ಫೆಬ್ರವರಿಯಲ್ಲಿ ಆಗಬೇಕು, ಏಕೆಂದರೆ ಅಂದಾಜು ಪಟ್ಟಿ, ಟೆಂಡರ್, ಕಂಟ್ರಾಕ್ಟರ್ ಅನ್ನುವಷ್ಟರಲ್ಲಿ ಎರಡು ತಿಂಗಳು ಹೋಗುತ್ತದೆ. ಮೇ ತಿಂಗಳಲ್ಲಿ ಕೊಟ್ಟ ದೂರಿಗೆ ಇಬ್ಬರು ಬಂದು ಹೂಳು ಎತ್ತಿ ಮೋರಿ ಪಕ್ಕದಲ್ಲೇ ಸುರಿದು ಹೋಗುತ್ತಾರೆ. ಮೊದಲ ಮಳೆಗೆ ಅದು ವಾಪಸ್ ಮೋರಿಗೇ ಇಳಿಯುತ್ತದೆ. ಹೂಳು ಎತ್ತಿದ ದಿನವೇ ಲಾರಿ ಬಂದು ಸಾಗಿಸಬೇಕು ಅಂತ ಅರ್ಜಿಯಲ್ಲೇ ಸೇರಿಸಿ.

ಕೆಲಸ ಆಗಿದೆ ಅಂತ ಅವರು ಹೇಳಿದರೂ ನಿಮಗೆ ಕಾಣದಿದ್ದರೆ ಮಾಹಿತಿ ಹಕ್ಕು ಬಳಸಿ. ಹತ್ತು ರೂಪಾಯಿ ಶುಲ್ಕ, ಆನ್‌ಲೈನ್‌ನಲ್ಲೂ ಹಾಕಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೋರಿ ಯಾಕೆ ಕ್ಲೀನ್ ಮಾಡಿಲ್ಲ ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಉತ್ತರ ಕೊಡಬೇಕಾಗಿಲ್ಲ ಅಂತ ಕೈತೊಳೆದುಕೊಳ್ಳುತ್ತಾರೆ. ಕಾಗದ ಕೇಳಿ. ಈ ರಸ್ತೆಯ ಮೋರಿ ಹೂಳೆತ್ತುವ ಕಾಮಗಾರಿಯ ಕಾರ್ಯಾದೇಶ, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟ, ಬಿಲ್ಲು, ಕೆಲಸದ ಮೊದಲಿನ ಮತ್ತು ನಂತರದ ಫೋಟೋಗಳ ಪ್ರತಿ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಳತೆ ಪುಸ್ತಕ ಕೇಳಿದ್ದಾರೆ ಅಂತ ಗೊತ್ತಾದ ಮೇಲೆ ಫೋನಿನಲ್ಲಿ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವ ಪಕ್ಷದಿಂದ ನೀರು ಬಂತು ಅಂತ ಜಗಳ ಶುರುವಾದರೆ ಸೇರಬೇಡಿ, ಅಥವಾ ಸೇರಿ, ಆದರೆ ಸೀಲ್ ಹಾಕಿದ ಅರ್ಜಿಯ ಫೋಟೋ ಹಾಕಿ ಎಲ್ಲರ ಸಹಿ ಕೇಳಿ. ವೋಟು ಕೇಳಲು ಬಂದವರಿಗೂ ಅದನ್ನೇ ತೋರಿಸಿ. ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಅನ್ನುವವರನ್ನು ಈ ಕ್ರಾಸಿನ ಮೋರಿ ಯಾವ ರಾಜಕಾಲುವೆಗೆ ಸೇರುತ್ತದೆ ಅಂತ ಕೇಳಿ ನೋಡಿ.

ಮನೆ ಬದಲಾಯಿಸುವ, ಕೊಳ್ಳುವ ಯೋಚನೆ ಇರುವವರಿಗೆ ಇನ್ನೊಂದು ಮಾತು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಹಳೆಯ ಗ್ರಾಮ ನಕ್ಷೆ ಕಾಣುತ್ತದೆ, ಆ ಸರ್ವೆ ನಂಬರಿನಲ್ಲಿ ಕೆರೆ, ಹಳ್ಳ, ರಾಜಕಾಲುವೆ ಏನಾದರೂ ಹಾದುಹೋಗಿದೆಯಾ ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ, ಹಾಗಿರುವಾಗ ಬಿಲ್ಡರ್ ಕೊಟ್ಟ ಬ್ರೋಶರ್‌ನಲ್ಲಿ ಕೆರೆ ಕಾಣದಿದ್ದರೆ ಆಶ್ಚರ್ಯವೇನಿಲ್ಲ. ಅಕ್ಕಪಕ್ಕದ ಮನೆಗಳ ಗೇಟಿನ ಮುಂದೆ ಮೊಣಕಾಲೆತ್ತರದ ಕಟ್ಟೆ ಕಟ್ಟಿದ್ದಾರಾ, ಕಾಂಪೌಂಡಿಗೆ ಅರ್ಧದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ ಗಮನಿಸಿ. ಬ್ರೋಕರ್‌ನನ್ನು ಕೇಳಬೇಡಿ, ಮೂಲೆಯ ಕಿರಾಣಿ ಅಂಗಡಿಯವರನ್ನು ಕೇಳಿ, ಅಕ್ಕಿ ಮೂಟೆಯನ್ನು ಅವರು ಎಷ್ಟು ಎತ್ತರದಲ್ಲಿ ಇಟ್ಟಿದ್ದಾರೆ ಅಂತಲೂ ನೋಡಿ. ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಲ ಜೋರು ಮಳೆ ಬಂದ ಮಾರನೇ ಬೆಳಗ್ಗೆ ಆ ಬೀದಿಗೆ ಹೋಗಿ ಬನ್ನಿ.