ಬ್ಯಾರೋಮೀಟರ್ ಮುಳ್ಳು ಸದಾ ‘ಬಿರುಗಾಳಿ’ ಅಂತಿದೆಯಾ?
ಗಾಳಿಯ ಒತ್ತಡ ಅಳೆಯುವ, ಹಿತ್ತಾಳೆ ಅಂಚಿನ ಹಳೇ ಮಾದರಿಯ ಬ್ಯಾರೋಮೀಟರ್ ತಂದು ಗೋಡೆಗೆ ಹಾಕಿದ್ದೀರಾ? ಬೆಂಗಳೂರಲ್ಲಿ ಅದರ ಮುಳ್ಳು ‘ಬಿರುಗಾಳಿ’ ಕಡೆಗೇ ಬಿದ್ದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ, ಅಷ್ಟೇ.

ಹಿಂಬದಿಯ ಚಿಕ್ಕ ತೂತಿನೊಳಗೆ ಒಂದು ಸ್ಕ್ರೂ ಇರುತ್ತದೆ. ಹವಾಮಾನ ಇಲಾಖೆ ಹೇಳುವ ಸಮುದ್ರಮಟ್ಟದ ಒತ್ತಡ ನೋಡಿಕೊಂಡು ಮುಳ್ಳು ಆ ಅಂಕಿಗೆ ಬರುವಂತೆ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿ. ಗಾಜನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, ಮುಳ್ಳು ನಿಂತ ಮೇಲೆ ಮತ್ತೆ ಚೂರು. ಬಿಗಿಯಾದರೆ ಬಲವಂತ ಬೇಡ. ಎತ್ತರದ ಊರಿಗೆ ಹೊಂದದ ಮಾದರಿಗಳೂ ಇವೆ.

ಇನ್ನೊಂದು ವಿಷಯ. ನಮ್ಮ ಕಡೆ ಮಳೆ ಬರಲಿ ಬಿಡಲಿ, ಒತ್ತಡ ಬೆಳಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಹೊತ್ತಿಗೆ ಇಳಿಯುತ್ತದೆ. ಹಾಗಾಗಿ ದಿನಾ ಒಂದೇ ಹೊತ್ತಿಗೆ ನೋಡಿ, ನಿನ್ನೆಯದಕ್ಕೆ ಹೋಲಿಸಿ.