ಕಣ್ಣಿನ ಪೊರೆ ಆಪರೇಷನ್: ಹೋಗುವ ಮುಂಚೆ, ಮನೆಗೆ ಬಂದ ಮೇಲೆ

‘ಪೊರೆ ಇನ್ನೂ ಹಣ್ಣಾಗಿಲ್ಲ, ಚಳಿಗಾಲ ಬರಲಿ ನೋಡೋಣ.’ ಸಿಂಧನೂರು, ಮಾನ್ವಿ, ದೇವದುರ್ಗದ ಕಡೆ ಈಗಲೂ ಕೇಳಿಬರುವ ಮಾತು. ದೊಡ್ಡದಾಗಿ ಕೊಯ್ದು ಹೊಲಿಗೆ ಹಾಕುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಈಗ ರಾಯಚೂರಿನ ಬಿರುಬಿಸಿಲಲ್ಲೂ ಮಾಡಿಸಬಹುದು. ಹಣ್ಣಾಗಲಿ ಎಂದು ಕಾಯ್ದಷ್ಟೂ ಪೊರೆ ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಅದು ಊದಿಕೊಂಡು ಕಣ್ಣಿನೊಳಗಿನ ಒತ್ತಡ ಏರುತ್ತದೆ. ತಲೆ ಸಿಡಿಯುವ ನೋವು, ವಾಂತಿ ಶುರುವಾಗಿ ನರಕ್ಕೆ ಪೆಟ್ಟು ಬೀಳುತ್ತದೆ. ಹಾಗೆ ಹೋದ ದೃಷ್ಟಿ ಆಪರೇಷನ್ ಮಾಡಿದರೂ ಬರುವುದಿಲ್ಲ. ಪೊರೆ ಕರಗಿಸುವ ಡ್ರಾಪ್ಸ್ ಎಂಬುದೂ ಇಲ್ಲ. ಬಸ್ಸಿನ ಬೋರ್ಡ್ ಓದಲಾಗದೆ, ಅಕ್ಕಿಯಲ್ಲಿನ ಕಲ್ಲು ಕಾಣದೆ, ಎದುರು ಗಾಡಿಯ ಲೈಟಿಗೆ ಕಣ್ಣು ಕುಕ್ಕತೊಡಗಿದರೆ ಅದೇ ಸಮಯ.

ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ರಿಮ್ಸ್‌ನಲ್ಲಿ ಕಣ್ಣಿನ ವಿಭಾಗವಿದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಮೊದಲು ಬಿಪಿ, ಶುಗರ್ ನೋಡುತ್ತಾರೆ. ಏರಿದ್ದರೆ ದಿನಾಂಕ ಮುಂದೆ ಹೋಗುತ್ತದೆ, ಬೇಜಾರಾಗಬೇಡಿ. ಆಮೇಲೆ ಎ-ಸ್ಕ್ಯಾನ್‌ನಲ್ಲಿ ಕಣ್ಣಿನ ಉದ್ದ ಅಳೆಯುತ್ತಾರೆ. ಒಳಗೆ ಕೂರಿಸುವ ಲೆನ್ಸಿನ ಪವರ್ ನಿಲ್ಲುವುದು ಈ ಅಳತೆಯ ಮೇಲೆ. ಒಂದು ಮಿಲಿಮೀಟರ್ ತಪ್ಪಿದರೆ ಪವರ್ ಸುಮಾರು ಎರಡೂವರೆಯಿಂದ ಮೂರು ನಂಬರ್ ಹೆಚ್ಚುಕಡಿಮೆಯಾಗುತ್ತದೆ. ಅಳೆಯುವಾಗ ಅಲುಗಾಡದೆ ಕೂರಿ. ರಕ್ತ ತೆಳುವಾಗಿಸುವ ಗುಳಿಗೆ ಮತ್ತು ಮೂತ್ರ ಸರಾಗವಾಗಲು ಕೊಡುವ ಟ್ಯಾಮ್ಸುಲೋಸಿನ್ ಬಗ್ಗೆ ಮರೆಯದೆ ಹೇಳಿ. ಎರಡನೆಯದು ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಸಡಿಲಗೊಳಿಸಿ ಆಪರೇಷನ್ನಿಗೆ ತೊಡಕಾಗಬಹುದು. ನಿಲ್ಲಿಸಿ ತಿಂಗಳುಗಳಾಗಿದ್ದರೂ ವೈದ್ಯರಿಗೆ ಗೊತ್ತಿರಬೇಕು. ಯಾವ ಗುಳಿಗೆಯನ್ನೂ ನೀವಾಗಿಯೇ ಬಿಡಬೇಡಿ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಹಿಂಪರದೆ (ರೆಟಿನಾ) ಹೇಗಿದೆ ಎಂದು ಮೊದಲೇ ಕೇಳಿ. ಅದು ಹಾಳಾಗಿದ್ದರೆ ಪೊರೆ ತೆಗೆದರೂ ನೋಟ ಅಷ್ಟಕ್ಕಷ್ಟೇ.

ಹಿಂದಿನ ದಿನ ತಲೆಸ್ನಾನ ಮಾಡಿ. ಕಾಡಿಗೆ ಬೇಡ. ಪಾಪೆ ಹಿಗ್ಗುವ ಡ್ರಾಪ್ಸನ್ನು ಮತ್ತೆ ಮತ್ತೆ ಹಾಕುತ್ತಾರೆ. ಕಣ್ಣು ಮರಗಟ್ಟಿಸಲು ಡ್ರಾಪ್ಸ್ ಅಥವಾ ಕಣ್ಣಿನ ಪಕ್ಕ ಇಂಜೆಕ್ಷನ್, ಎಚ್ಚರವಾಗಿಯೇ ಇರುತ್ತೀರಿ. ಮುಖದ ಮೇಲೆ ಬಟ್ಟೆ, ಎದುರಿಗೆ ಪ್ರಖರ ಬೆಳಕು, ಕಣ್ಣ ಮೇಲೆ ನೀರು ಬಿದ್ದ ಹಾಗೆ. ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಬಾಯಲ್ಲಿ ಹೇಳಿ, ಕೈ ಎತ್ತಬೇಡಿ. ಯಂತ್ರದಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋದಲ್ಲಿ ಗಾಯ ಮೂರು ಮಿಲಿಮೀಟರಿಗಿಂತ ಕಡಿಮೆ. ಕೈಯಿಂದ ತೆಗೆಯುವ ಎಸ್‌ಐಸಿಎಸ್‌ನಲ್ಲಿ ಆರೇಳು ಮಿಲಿಮೀಟರ್. ಸಾಮಾನ್ಯವಾಗಿ ಎರಡಕ್ಕೂ ಹೊಲಿಗೆ ಬೇಡ. ತುಂಬ ಬಲಿತ ಪೊರೆಗೆ ಎರಡನೆಯದೇ ಎಷ್ಟೋ ಸಲ ಒಳ್ಳೆಯದು, ಅಗ್ಗದ ಆಪರೇಷನ್ ಎಂದು ಹಿಂಜರಿಯಬೇಡಿ. ಸಾಧಾರಣ ಲೆನ್ಸಿನಲ್ಲಿ ದೂರದ್ದು ಕಾಣುತ್ತದೆ, ಓದಲು, ಸೂಜಿ ಪೋಣಿಸಲು ಕನ್ನಡಕ ಬೇಕು.

ಹದಿನೈದಿಪ್ಪತ್ತು ನಿಮಿಷದ ಆ ಕೆಲಸ ವೈದ್ಯರದು. ಮುಂದಿನ ನಾಲ್ಕರಿಂದ ಆರು ವಾರ ಮನೆಯವರದು, ಎಡವುವುದೂ ಹೆಚ್ಚಾಗಿ ಇಲ್ಲೇ. ಡ್ರಾಪ್ಸ್ ಹಾಕುವವರು ಸೋಪಿನಿಂದ ಕೈ ತೊಳೆಯಲಿ. ಔಷಧಿ ಹಾಲಿನಂತೆ ಬೆಳ್ಳಗಿದ್ದರೆ ಸೀಸೆ ಚೆನ್ನಾಗಿ ಅಲುಗಾಡಿಸಿ. ಇಲ್ಲದಿದ್ದರೆ ಮದ್ದು ತಳದಲ್ಲೇ ಉಳಿದು ಬರೀ ನೀರು ಬೀಳುತ್ತದೆ. ಮಲಗಿಸಿ, ಕೆಳರೆಪ್ಪೆಯನ್ನು ಕೆನ್ನೆಯ ಕಡೆ ಮೆಲ್ಲಗೆ ಎಳೆದು, ಆ ಗುಳಿಯಲ್ಲಿ ಒಂದೇ ಹನಿ ಬಿಡಿ. ಸೀಸೆಯ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಗುಡ್ಡೆ ಒತ್ತದೆ, ಮೂಗಿನ ಬದಿಯ ಮೂಲೆಯನ್ನಷ್ಟೇ ಒಂದು ನಿಮಿಷ ಹಗುರವಾಗಿ ಒತ್ತಿಹಿಡಿಯಿರಿ. ಎರಡು ಔಷಧಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಎಷ್ಟು ಸಲ, ಯಾವಾಗ ಕಡಿಮೆ ಮಾಡಬೇಕು ಎಂಬುದು ಚೀಟಿಯಲ್ಲಿರುತ್ತದೆ. ಕಣ್ಣು ಚೆನ್ನಾಗಿ ಕಾಣಿಸಿತೆಂದು ನಡುವೆ ಬಿಟ್ಟರೆ ಒಳಗೆ ಉರಿಯೂತ ಮರುಕಳಿಸಬಹುದು.

ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡೇ ಮಲಗಿ, ನಿದ್ದೆಯಲ್ಲಿ ಕೈ ತಾನಾಗಿ ಕಣ್ಣುಜ್ಜುತ್ತದೆ. ವೈದ್ಯರು ಹೇಳುವವರೆಗೆ ಕಣ್ಣಿಗೆ ನೀರು ಸೋಕದಿರಲಿ. ತೊಟ್ಟಿಯ ನೀರು, ಕಾಲುವೆ ನೀರು ಮುಖಕ್ಕೆ ಎರಚಲೇಬೇಡಿ. ಒಂದು ತಿಂಗಳು ಭತ್ತದ ರಾಶಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಒಣಗಿಸುವುದು, ಒಲೆ ಊದುವುದು ಬೇರೆಯವರು ನೋಡಿಕೊಳ್ಳಲಿ. ಎದೆಹಾಲು, ಜೇನು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಪಥ್ಯವೆಂದು ಗಂಜಿಯಲ್ಲೇ ಇಡುವುದು ಬೇಡ. ರೊಟ್ಟಿ, ಪಲ್ಯ, ಬೇಳೆ ಎಲ್ಲ ಉಣ್ಣಬಹುದು. ಮಲಬದ್ಧತೆಯಿಂದ ತಿಣುಕುವಂತಾಗದಿರಲು ಸೊಪ್ಪು, ನೀರು ಬೇಕೇ ಬೇಕು.

ಮೊದಲ ಕೆಲವು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು, ಬಣ್ಣಗಳು ತುಸು ನೀಲಿಯಾಗಿ ಕಾಣುವುದು ಸಹಜ. ಆದರೆ ನೋವು ಏರುತ್ತಾ ಹೋದರೆ, ಕೆಂಪು ಹೆಚ್ಚಿದರೆ, ನಿನ್ನೆ ಕಂಡದ್ದು ಇವತ್ತು ಮಸುಕಾದರೆ ಅದು ಒಳಗಿನ ಸೋಂಕು ಇರಬಹುದು. ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ. ಕೆಲವೇ ಗಂಟೆಗಳಲ್ಲಿ ಕಣ್ಣು ಹೋಗಬಹುದು. ಬೆಳಗಾಗಲಿ, ಸಂತೆ ಮುಗಿಯಲಿ ಎನ್ನದೆ ಆಪರೇಷನ್ ಆದ ಆಸ್ಪತ್ರೆಗೇ ಹೊರಡಿ. ದೂರದ ಹಳ್ಳಿಯವರು ಗಾಡಿಯವರ ನಂಬರನ್ನೂ ಆಸ್ಪತ್ರೆಯ ನಂಬರನ್ನೂ ಮೊದಲೇ ಗೋಡೆಗೆ ಬರೆದಿಟ್ಟುಕೊಳ್ಳಿ.

ಕನ್ನಡಕದ ನಂಬರು ಒಂದು ತಿಂಗಳಿಂದ ಒಂದೂವರೆ ತಿಂಗಳ ಮೇಲೆ ನಿಲ್ಲುತ್ತದೆ, ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಸುಕಾದರೆ ಪೊರೆ ಮರಳಿ ಬಂತೆಂದು ಹೆದರಬೇಡಿ. ಸಾಮಾನ್ಯವಾಗಿ ಲೆನ್ಸಿನ ಹಿಂದಿನ ತೆಳುಪೊರೆ ಮಬ್ಬಾಗಿರುತ್ತದೆ. ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ, ಕೊಯ್ಯದೆ, ಅದನ್ನು ತೆರೆಯುತ್ತಾರೆ. ಆಗ ಲೆನ್ಸಿನ ಸ್ಟಿಕ್ಕರ್ ಅಂಟಿಸಿದ ಚೀಟಿಯನ್ನೂ ಒಯ್ಯಿರಿ.