ಡಿವಿಡಿ ನಿಂತು ನಿಂತು ಓಡುತ್ತಿದೆಯೇ? ಕಂಪ್ಯೂಟರನ್ನು ಬೈಯುವ ಮೊದಲು ಹೀಗೆ ಮಾಡಿ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಕ್ಕನ ಮದುವೆಯ ಡಿವಿಡಿ ಹಾಕಿಕೊಂಡು ಕೂತಿದ್ದೆವು. ಹೊರಗೆ ಜಡಿಮಳೆ. ಧಾರೆ ಮುಗಿಯುವವರೆಗೂ ಚೆನ್ನಾಗಿಯೇ ಓಡಿತು. ಊಟದ ಪಂಕ್ತಿ ಬರುವ ಹೊತ್ತಿಗೆ ಚಿತ್ರ ತಡವರಿಸತೊಡಗಿತು. ಮುಖಗಳೆಲ್ಲ ಚೌಕ ಚೌಕವಾಗಿ ಒಡೆದವು, ಮಾತು ಅರ್ಧಕ್ಕೇ ತುಂಡಾಯಿತು. ಬಾಳೆಲೆ ಮುಂದೆ ಕೂತು ಅಜ್ಜ ನಗುವ ಜಾಗ ಅದು. ಅಜ್ಜ ಈಗಿಲ್ಲ. ಅಮ್ಮ ಆ ಡಿಸ್ಕ್ ಹಾಕಿಸಿದ್ದೇ ಅದನ್ನು ನೋಡಲಿಕ್ಕೆ.

ಹೀಗಾದಾಗ ‘ಕಂಪ್ಯೂಟರ್ ಹಳೇದಾಯ್ತು, ಬದಲಾಯಿಸಬೇಕು’ ಎನ್ನುವವರೇ ಜಾಸ್ತಿ. ದಯವಿಟ್ಟು ಅವಸರ ಮಾಡಬೇಡಿ. ಡಿವಿಡಿ ಸಿನಿಮಾ ಓಡಲು ಸೆಕೆಂಡಿಗೆ ಹೆಚ್ಚೆಂದರೆ 10.08 ಮೆಗಾಬಿಟ್ ಮಾಹಿತಿ ಬೇಕು. ಡಿಸ್ಕ್ ಓದುವ ಡ್ರೈವ್ ತನ್ನ ಮೂಲ ವೇಗದಲ್ಲಿ, ಅಂದರೆ 1ಎಕ್ಸ್‌ನಲ್ಲಿ ಓದಿದರೂ 11.08 ಮೆಗಾಬಿಟ್ ಸಿಗುತ್ತದೆ. ಹತ್ತು ಹದಿನೈದು ವರ್ಷದ ಡೆಸ್ಕ್‌ಟಾಪಿಗೂ ಇದು ಭಾರವಲ್ಲ. ತಡವರಿಸುತ್ತಿದೆ ಎಂದರೆ ದಾರಿಯಲ್ಲಿ ಎಲ್ಲೋ ಏನೋ ಅಡ್ಡ ನಿಂತಿದೆ. ಡಿಸ್ಕ್, ಡ್ರೈವ್, ವೈರು, ಕಂಪ್ಯೂಟರ್ ಈ ನಾಲ್ಕರಲ್ಲಿ ಯಾವುದು ಎಂದು ಮೊದಲು ಗೊತ್ತಾಗಬೇಕು.

ಮೊದಲ ಪರೀಕ್ಷೆ: ಕಾಪಿ ಮಾಡಿ ನೋಡಿ

ಡಿಸ್ಕ್ ಹಾಕಿ. ಸಿನಿಮಾ ತಾನಾಗಿ ಶುರುವಾದರೆ ಪ್ಲೇಯರ್ ಮುಚ್ಚಿ. ಡ್ರೈವ್‌ನ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್’ ಕೊಡಿ. ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ದೊಡ್ಡ ದೊಡ್ಡ ವಿಒಬಿ ಫೈಲ್‌ಗಳೇ ಸಿನಿಮಾ. ಇಡೀ ಫೋಲ್ಡರನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಒಂದು ಪದರದ ಡಿಸ್ಕ್ ಆದರೆ 4.7 ಜಿಬಿ ಜಾಗ ಸಾಕು, ಎರಡು ಪದರದ್ದಾದರೆ 8.5 ಜಿಬಿ.

ಕಾಪಿ ಸಲೀಸಾಗಿ ಆಗಿ, ಆ ಕಾಪಿಯೂ ತಡವರಿಸಿದರೆ ತೊಂದರೆ ಕಂಪ್ಯೂಟರಿನೊಳಗಿದೆ. ಕಾಪಿ ಮಾಡುವಾಗಲೇ ಒಂದು ಕಡೆ ನಿಂತುಬಿಟ್ಟು ಡ್ರೈವ್ ಗರ್ ಗರ್ ಎಂದರೆ ಡಿಸ್ಕ್ ಅಥವಾ ಲೆನ್ಸ್. ಎಲ್ಲೂ ನಿಲ್ಲದೆ, ಆದರೆ ಆಮೆಯ ಹಾಗೆ ಕಾಪಿಯಾದರೆ ವೈರಿನ ಕಡೆ ನೋಡಬೇಕು. ಈ ಪರೀಕ್ಷೆಗೆ ಮದುವೆಯದ್ದೋ ಊರಿನ ಯಕ್ಷಗಾನದ್ದೋ ಡಿಸ್ಕ್ ಒಳ್ಳೆಯದು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳಿಗೆ ಬೀಗ ಇರುವುದರಿಂದ ಅವು ಸುಮ್ನೆ ಕಾಪಿ ಆಗದೆ ಹೋಗಬಹುದು.

ಎಲ್ಲಿ ತಡವರಿಸುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಡಿಸ್ಕಿನ ಮಾಹಿತಿ ಚಕ್ಕುಲಿಯ ಹಾಗೆ ಸುತ್ತು ಸುತ್ತಾಗಿ ಇರುತ್ತದೆ. ಲೇಸರ್ ಒಳಗಿನ ಸುತ್ತಿನಿಂದ ಓದಲು ಶುರುಮಾಡಿ ಅಂಚಿನ ಕಡೆಗೆ ಹೋಗುತ್ತದೆ. ಹಾಗಾಗಿ ತುಂಬಿದ ಒಂದು ಪದರದ ಡಿಸ್ಕಿನಲ್ಲಿ ಕೊನೆಯ ಭಾಗ ಮಾತ್ರ ಕೈಕೊಡುತ್ತಿದ್ದರೆ ಕೊಳೆಯೋ ಸೊಟ್ಟವೋ ಅಂಚಿನಲ್ಲಿದೆ. ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಗೀರು. ಮೊದಲಿನಿಂದ ಕೊನೆವರೆಗೂ ತೊಂದರೆ ಇದ್ದರೆ ಡಿಸ್ಕ್ ಬಿಟ್ಟು ಉಳಿದ ಮೂರನ್ನು ನೋಡಿ. ಎರಡು ಪದರದ ಡಿಸ್ಕಿನಲ್ಲಿ ಸಿನಿಮಾದ ನಡುವೆ ಒಮ್ಮೆ ಕ್ಷಣ ಹೊತ್ತು ನಿಂತರೆ ಅದು ದೋಷವಲ್ಲ. ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಹೊತ್ತು ಅದು.

ಮಳೆಗಾಲ ಮತ್ತು ಡಿಸ್ಕ್

ನಮ್ಮ ಮಲೆನಾಡಿನಲ್ಲಿ ನಾನು ಮೊದಲು ಅನುಮಾನಿಸುವುದು ಡಿಸ್ಕನ್ನೇ. ಆಗುಂಬೆ, ಹೊಸನಗರ, ಸಾಗರದ ಕಡೆ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಬರುತ್ತದೆ. ನಾಗಂದಿಗೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಡಿಸ್ಕಿಗೆ ಬಾರದೆ ಇರುತ್ತದೆಯೇ? ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಬಿಳಿ ಚುಕ್ಕೆ, ಬಳ್ಳಿಯಂಥ ಎಳೆ, ಬೆರಳ ಗುರುತು ಎಲ್ಲ ಕಾಣುತ್ತವೆ.

ತೊಳೆಯುವುದು ಸುಲಭ. ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಹಳೆಯ ಹತ್ತಿ ಪಂಚೆಯ ತುಂಡನ್ನು ಅದ್ದಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಲೇಬೇಡಿ. ಒರೆಸುವಾಗ ಅಡ್ಡಕ್ಕೆ ಒಂದು ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹಾಳಾಗುತ್ತದೆ. ಅಷ್ಟನ್ನು ಡ್ರೈವ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಉದ್ದಕ್ಕೂ ಬಿದ್ದ ಗೀರು ಹಾಗಲ್ಲ, ಒಂದೇ ಕಡೆಯ ದೊಡ್ಡ ತುಂಡನ್ನು ನುಂಗಿಬಿಡುತ್ತದೆ. ಥಿನ್ನರ್, ಪೆಟ್ರೋಲ್ ಬೇಡ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಇನ್ನೊಂದು ಪ್ರತಿ ಇಲ್ಲದ ಡಿಸ್ಕಿಗೆ ನಾನಂತೂ ಅದನ್ನು ಮಾಡುವುದಿಲ್ಲ. ಒದ್ದೆ ಡಿಸ್ಕನ್ನು ಬಚ್ಚಲ ಒಲೆಯ ಹತ್ತಿರವೋ ಬಿಸಿಲಿಗೋ ಇಡಬೇಡಿ. ಶಾಖಕ್ಕೆ ಡಿಸ್ಕ್ ಸೊಟ್ಟಗಾಗುತ್ತದೆ. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆದ ಡಿಸ್ಕ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲಿಗೆ ಅದು ಮಾಸುತ್ತದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಅಕ್ಕನ ಡಿಸ್ಕನ್ನು ಕನ್ನಡಿಯ ಮೇಲೆ ಮಲಗಿಸಿ ಬೆರಳಲ್ಲಿ ಒತ್ತಿದೆ. ಒಂದು ಪಕ್ಕ ಒತ್ತಿದರೆ ಎದುರು ಪಕ್ಕ ಮೇಲೇಳುತ್ತಿತ್ತು. ಕಾರಣ, ಮೇಲೆ ಅಂಟಿಸಿದ್ದ ವಧೂವರರ ಫೋಟೊ. ಆ ಕಾಗದ ಥಂಡಿ ಹೀರಿ ಉಬ್ಬಿ, ಡಿಸ್ಕನ್ನು ಎಳೆದು ಬಗ್ಗಿಸಿತ್ತು. 12 ಸೆಂಟಿಮೀಟರ್ ಅಗಲ, ಬರೇ 1.2 ಮಿಲಿಮೀಟರ್ ದಪ್ಪದ ತಟ್ಟೆ ಅದು. ವೇಗವಾಗಿ ತಿರುಗುವಾಗ ಅಂಚು ಕುಣಿಯುತ್ತದೆ, ಲೇಸರಿಗೆ ಗುರಿ ಸಿಗುವುದಿಲ್ಲ. ಕೊನೆಯ ಪಂಕ್ತಿಯೇ ಕೆಟ್ಟದ್ದು ಯಾಕೆಂದು ಆಗ ಅರ್ಥವಾಯಿತು. ಸ್ಟಿಕ್ಕರ್ ಕೀಳಲು ಹೋಗಬೇಡಿ, ಎಳೆತಕ್ಕೆ ಡಿಸ್ಕ್ ಬಗ್ಗಿ ಹಾಳಾಗಬಹುದು. ದಪ್ಪ ಪುಸ್ತಕದ ನಡುವೆ, ಒಣಗಿದ ಜಾಗದಲ್ಲಿ ನಾಲ್ಕೈದು ದಿನ ಇಟ್ಟು ಮತ್ತೆ ಪ್ರಯತ್ನಿಸಿ.

ಡ್ರೈವ್, ವೈರು

ಎಲ್ಲ ಡಿಸ್ಕೂ ಹೀಗೇ ಮಾಡಿದರೆ ಲೆನ್ಸಿಗೆ ದೂಳು ಕೂತಿರಬಹುದು. ಸಣ್ಣ ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕ್ ಒಂದೆರಡು ಸಲ ಹಾಕಿ. ಹಾಡಿನ ಸಿಡಿ ಓಡುತ್ತದೆ, ಡಿವಿಡಿ ಓಡುವುದಿಲ್ಲ ಎನ್ನುತ್ತೀರಾ? ಸಿಡಿಗೆ 780 ನ್ಯಾನೊಮೀಟರ್ ಲೇಸರ್, ಡಿವಿಡಿಗೆ 650. ಒಂದು ಸೋತರೂ ಇನ್ನೊಂದು ಕೆಲಸ ಮಾಡುತ್ತಿರಬಹುದು. ಆಗ ರಿಪೇರಿಗೆ ದುಡ್ಡು ಹಾಕದೆ ಡ್ರೈವನ್ನೇ ಬದಲಾಯಿಸಿ.

ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರ, ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಅಗಲ ಪಟ್ಟಿಯ ಐಡಿಇ ಕೇಬಲ್ ಇದ್ದವರು ಇದನ್ನು ತಪ್ಪದೆ ನೋಡಿ. ಡ್ರೈವ್‌ನಿಂದ ಮಾಹಿತಿ ಸಾಮಾನ್ಯವಾಗಿ ಡಿಎಂಎ ಎಂಬ ದಾರಿಯಲ್ಲಿ ನೇರ ಮೆಮೊರಿಗೆ ಹೋಗುತ್ತದೆ. ಗೀರು ಬಿದ್ದ ಡಿಸ್ಕ್ ಓದುವಾಗ ಆರು ಸಲ ತಪ್ಪಾದರೆ ವಿಂಡೋಸ್ ಅದನ್ನು ಪಿಐಒ ಎಂಬ ನಿಧಾನದ ದಾರಿಗೆ ಇಳಿಸುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಡಿಸ್ಕ್ ಹಾಕಿದರೂ ಅದೇ ದಾರಿ. ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊರಬೇಕು, ಚಿತ್ರ ತೋರಿಸಲು ಅದಕ್ಕೆ ಪುರುಸೊತ್ತಿರುವುದಿಲ್ಲ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಸೆಕೆಂಡರಿ ಐಡಿಇ ಚಾನೆಲ್ ತೆರೆದು ‘ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್’ ನೋಡಿ. ಪಿಐಒ ಎಂದಿದ್ದರೆ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ಮತ್ತೆ ಶುರುಮಾಡಿ. ವಿಂಡೋಸ್ ಚಾನೆಲನ್ನು ತಾನೇ ಹೊಸದಾಗಿ ಹುಡುಕಿಕೊಂಡು ಡಿಎಂಎಗೆ ಮರಳುತ್ತದೆ.

ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಿವಿಡಿ ಡ್ರೈವ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಚುಚ್ಚಿ. ಎಷ್ಟೋ ಸಲ ಕರೆಂಟ್ ಸಾಲದೇ ಡ್ರೈವ್ ಒದ್ದಾಡುತ್ತಿರುತ್ತದೆ.

ಕಂಪ್ಯೂಟರಿನೊಳಗೆ

ಹಾರ್ಡ್‌ಡಿಸ್ಕಿನ ಕಾಪಿಯೂ ತಡವರಿಸಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ನೂರರ ಹತ್ತಿರ ಇದೆಯೇ, ಯಾವ ಕೆಲಸ ಅದನ್ನು ತಿನ್ನುತ್ತಿದೆ ನೋಡಿ. ಅಪ್‌ಡೇಟ್, ಆ್ಯಂಟಿವೈರಸ್ ಸ್ಕ್ಯಾನ್ ಆಗಿದ್ದರೆ ಮುಗಿಯಲಿ ಬಿಡಿ. ಈಚೆಗೆ ವಿಂಡೋಸ್ ಹೊಸದಾಗಿ ಹಾಕಿಸಿದ್ದರೆ ಡಿವೈಸ್ ಮ್ಯಾನೇಜರಿನ ‘ಡಿಸ್‌ಪ್ಲೇ ಅಡಾಪ್ಟರ್ಸ್’ ತೆರೆಯಿರಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಷ್ಟೇ ಇದ್ದರೆ ಚಿತ್ರ ತೋರಿಸುವ ಭಾಗವನ್ನು ನಡೆಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ ಎಂದರ್ಥ. ಮೊದಲ ಕಾಲು ಗಂಟೆ ಸರಿಯಾಗಿ ಓಡಿ ಆಮೇಲೆ ತಡವರಿಸಿದರೆ ಫ್ಯಾನಿನ ದೂಳು ತೆಗೆಸಿ, ಪ್ರೊಸೆಸರ್ ಬಿಸಿಯಾಗುತ್ತಿರಬಹುದು.

ಪ್ಲೇಯರ್ ಯಾವುದು ಎಂದು ಕೇಳಿದರೆ ನಾನು ವಿಎಲ್‌ಸಿ ಹೇಳುತ್ತೇನೆ. ಉಚಿತ, ಮತ್ತು ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಜೊತೆ ಡಿವಿಡಿ ಓಡಿಸುವ ಸೌಲಭ್ಯ ಬರುವುದಿಲ್ಲ. ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್‌ಗೆ ಹೋಗಿ ಕೆಳಗೆ ‘ಆಲ್’ ಒತ್ತಿ. ‘ಇನ್‌ಪುಟ್, ಕೋಡೆಕ್ಸ್’ ವಿಭಾಗದ ತಳದಲ್ಲಿ ‘ಡಿಸ್ಕ್ ಕ್ಯಾಶಿಂಗ್’ ಇದೆ. 300 ಮಿಲಿಸೆಕೆಂಡ್ ಇದ್ದಲ್ಲಿ 3000 ಮಾಡಿ ಸೇವ್ ಕೊಡಿ. ಆಗ ಮೂರು ಸೆಕೆಂಡಿನ ಚಿತ್ರ ಮುಂಚೆಯೇ ಓದಿಟ್ಟುಕೊಂಡಿರುತ್ತದೆ. ಸಣ್ಣ ಗೀರು ಬಂದಾಗ ಡ್ರೈವ್ ಎರಡೆರಡು ಸಲ ಓದಿದರೂ ನಿಮಗೆ ಗೊತ್ತೇ ಆಗುವುದಿಲ್ಲ.

ಒಮ್ಮೆ ಓದಿತು ಎಂದರೆ ಉಳಿಸಿಕೊಳ್ಳಿ

ಒಂದು ಡ್ರೈವ್ ಸೋತ ಕಡೆ ಇನ್ನೊಂದು ಗೆಲ್ಲುತ್ತದೆ. ಪಕ್ಕದ ಮನೆಯ ಹಳೇ ಲ್ಯಾಪ್‌ಟಾಪಿನಲ್ಲೂ ಹಾಕಿ ನೋಡಿ. ಲಿನಕ್ಸ್ ಬಳಸುವವರಿಗೆ ಡಿಡಿರೆಸ್ಕ್ಯೂ ಎಂಬ ಒಳ್ಳೆಯ ಉಪಕರಣವಿದೆ. ಓದಲಾಗದ ಜಾಗಗಳನ್ನು ಅದು ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ ಬಿಟ್ಟುಹೋದ ಜಾಗಗಳನ್ನಷ್ಟೇ ಮತ್ತೆ ಓದುತ್ತದೆ.

ಅಕ್ಕನ ಡಿಸ್ಕ್ ಮೂರನೆಯ ಡ್ರೈವಿನಲ್ಲಿ ಬಂತು, ಶಿವಮೊಗ್ಗದ ಗೆಳೆಯನೊಬ್ಬನ ಮನೆಯಲ್ಲಿ. ಪಾಯಸ ಬಡಿಸುವಾಗಿನ ಹತ್ತು ಹನ್ನೆರಡು ಸೆಕೆಂಡು ಸಿಗಲೇ ಇಲ್ಲ. ಅಜ್ಜ ಸಿಕ್ಕರು. ಒಂದು ಕಾಪಿ ಹಾರ್ಡ್‌ಡಿಸ್ಕಿನಲ್ಲಿದೆ, ಒಂದು ಅಕ್ಕನ ಪೆನ್‌ಡ್ರೈವಿನಲ್ಲಿ. ಮೂಲ ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನಲ್ಲಿಟ್ಟಿದ್ದೇನೆ.